ಜಗಳೂರಿನ ಹೊಲಿಗೆ ಕ್ಲಾಸು

ನನ್ನ ತಂಗಿ ಹದಿನೆಂಟನೆಯ ವಯಸ್ಸಿನಲ್ಲಿ ಜಗಳೂರಿಗೆ ಹೊಲಿಗೆ ಕಲಿಯಲು ಹೋಗಿದ್ದಳು ಎನ್ನುವುದು ನಮ್ಮ ಮನೆಯ ಅಫಿಶಿಯಲ್ ವರ್ಷನ್. ನಿಜಕ್ಕೂ ಅವಳಿಗೆ ಟಿ.ಬಿ. ಆಗಿತ್ತು, ಎದೆಯಲ್ಲಿ ನೀರು ತುಂಬಿತ್ತು. ನಮ್ಮ ನ್ಯಾಮತಿಯಲ್ಲೇ ಇಂಜೆಕ್ಷನ್ ಕೊಡಿಸಿದರೆ ನಾಲ್ಕು ಜನಕ್ಕೆ ಗೊತ್ತಾಗಿ ಹುಡುಗಿಗೆ ಗಂಡು ಸಿಗುವುದಿಲ್ಲವೆಂದು ಅಪ್ಪ ಅವಳನ್ನು ಜಗಳೂರಿನ ಸೋದರತ್ತೆಯ ಮನೆಯಲ್ಲಿ ಬಿಟ್ಟರು. ಸುಳ್ಳು ಹೇಳುವುದು ಸಿನ್ ಎಂದು ಕಾನ್ವೆಂಟಿನ ಸಿಸ್ಟರ್‌ಗಳಿಂದ ಸ್ಕೇಲಿನ ಏಟು ತಿಂದು ಕಲಿತಿದ್ದ ನಾನೂ ಯಾರಿಗೂ ಹೇಳುವುದಿಲ್ಲವೆಂದು ಅಪ್ಪನಿಗೆ ಪ್ರಾಮಿಸ್ ಮಾಡಿದೆ.

ತಂಗಿಯನ್ನು ಹೊನ್ನಾಳಿಗೆ ಕೊಟ್ಟೆವು. ಹೊಲಿಗೆ ಕಲಿತ ಸೊಸೆ ಎಂದು ಅವಳತ್ತೆ ಮೊದಲ ವಾರವೇ ಬ್ಲೌಸ್ ಪೀಸ್ ತಂದು ಮುಂದಿಟ್ಟರಂತೆ. "ಆರು ತಿಂಗಳು ಕಲ್ತು ಒಂದು ಕಾಜಾ ಹಾಕಾಕೆ ಬರಲ್ಲ! ಅಲ್ಲಿ ಕುಂತು ಸೂಜಿ ಎಣಿಸ್ತಿದ್ದೇನೇ?" ತವರಿಗೆ ಬಂದಾಗ ಅತ್ತೆಯ ದನಿಯಲ್ಲೇ ಇದನ್ನು ಹೇಳಿ ತೋರಿಸುತ್ತಿದ್ದಳು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು.

ಮೂರು ವರ್ಷದ ಹಿಂದೆ, ಅವಳಿಗೂ ಸೊಸೆ ಬಂದಮೇಲೆ, ಅವಳ ಹೊಟ್ಟೆ ಊದತೊಡಗಿತು, ಆಮೇಲೆ ಕಾಲು. ಎಲ್ಲರೂ ಲಿವರ್ ಎಂದರು. ಹೃದಯವನ್ನೂ ಒಮ್ಮೆ ನೋಡೋಣವೆಂದು ಎಕೋ ಮಾಡಿಸಿದರು. ಐದೇ ನಿಮಿಷ. "ಪಂಪಿಂಗ್ ನಾರ್ಮಲ್" ಎಂದು ರಿಪೋರ್ಟ್ ಬಂತು. ಮತ್ತೆ ಲಿವರಿನ ಔಷಧಿಯೇ ಮುಂದುವರಿಯಿತು. ನಾನಿರುವ ಚನ್ನಗಿರಿಯಿಂದ ಬಸ್ಸು ಹಿಡಿದು ಪ್ರತಿ ಚೆಕಪ್ಪಿಗೂ ಹೋಗುತ್ತಿದ್ದೆ. ಪ್ರತಿಯೊಬ್ಬ ಡಾಕ್ಟರೂ ಕೇಳುತ್ತಿದ್ದರು: ಹಿಂದೆ ಟಿ.ಬಿ. ಆಗಿತ್ತಾ? ಫೈಲು ಹಿಡಿದು ಪಕ್ಕದಲ್ಲೇ ತಂಗಿಯ ಸೊಸೆ ನಿಂತಿರುತ್ತಿದ್ದಳು. ತಂಗಿ "ಇಲ್ರೀ" ಎಂದು ನನ್ನ ಮುಖ ನೋಡುತ್ತಿದ್ದಳು. ನಾನು "ನೋ ಡಾಕ್ಟರ್, ನೆವರ್" ಎನ್ನುತ್ತಿದ್ದೆ. ಇಂಗ್ಲಿಷಿನಲ್ಲಿ ಹೇಳಿದರೆ ಯಾರೂ ಎರಡನೇ ಸಲ ಕೇಳುವುದಿಲ್ಲ.

ಹೋದ ವರ್ಷ ದಾವಣಗೆರೆಯಲ್ಲಿ ಎಕೋ ಮಾಡಿದವಳು ಚಿಕ್ಕ ವಯಸ್ಸಿನ ಡಾಕ್ಟರ್. ಎದೆಗೆ ಜೆಲ್ ಹಚ್ಚಿ, ಮಷೀನಿನ ಹಿಡಿಕೆಯನ್ನು ಒತ್ತಿ ಹಿಡಿದು, "ಉಸಿರು ಎಳ್ಕೊಳ್ಳಿ ಅಮ್ಮ, ನಿಧಾನಕ್ಕೆ ಬಿಡಿ" ಎಂದು ಎಷ್ಟು ಸಲ ಹೇಳಿದಳೋ. ಕೊನೆಗೆ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. ಹೃದಯದ ಎರಡು ಭಾಗಗಳ ನಡುವಿನ ಗೋಡೆ ತಂಗಿಯ ಉಸಿರಿಗೆ ತಕ್ಕಂತೆ ಅತ್ತ ಇತ್ತ ಜಿಗಿಯುತ್ತಿತ್ತು.

"ಹಿಂಡೋದು ಚೆನ್ನಾಗೇ ಇದೆ ಮೇಡಂ. ತುಂಬಿಕೊಳ್ಳೋಕೆ ಜಾಗ ಇಲ್ಲ. ಹೃದಯದ ಸುತ್ತ ಇರೋ ಚೀಲ ಸುಣ್ಣಗಟ್ಟಿ ಚಿಪ್ಪಾಗಿದೆ. ಒಂದು ಕಡೆ ತುಂಬಿದರೆ ಇನ್ನೊಂದು ಕಡೆಗೆ ಜಾಗ ಇರಲ್ಲ. ಅದಕ್ಕೇ ನೀರೆಲ್ಲ ಹೊಟ್ಟೆಗೆ, ಕಾಲಿಗೆ. ಇವರಿಗೆ ಟಿ.ಬಿ. ಆಗಿತ್ತಾ?"

ತಂಗಿ ಮಲಗಿದಲ್ಲಿಂದಲೇ ತಲೆ ಅಲ್ಲಾಡಿಸಿದಳು.

"ಆಗಿತ್ತು," ಎಂದೆ. "ಮದುವೆಗೆ ಮುಂಚೆ."

ಸೊಸೆಯ ಕೈಯಲ್ಲಿ ಫೈಲು ಹಾಗೇ ಇತ್ತು. ತಂಗಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಇದನ್ನ ಮೊದಲೇ ಹೇಳಿದ್ದರೆ..." ಎಂದು ಡಾಕ್ಟರ್ ನಿಲ್ಲಿಸಿದಳು. ಪೂರ್ತಿ ಹೇಳಮ್ಮ ಎಂದು ನಾನೇ ಕೇಳಿದೆ. ಹೇಳಿದ್ದರೆ ಆ ಮೊದಲ ಎಕೋದಲ್ಲೇ ಇದನ್ನು ಹುಡುಕುತ್ತಿದ್ದರೇನೋ. ಆಪರೇಷನ್ ಮಾಡಿ ಚಿಪ್ಪನ್ನು ಬಿಡಿಸಬಹುದಿತ್ತೇನೋ. ಈಗ ಸುಣ್ಣ ಹೃದಯದ ಮಾಂಸಕ್ಕೂ ಇಳಿದಿದೆ, ಲಿವರೂ ಕಿಡ್ನಿಯೂ ಸೋತಿವೆ. ಬೆಂಗಳೂರಿನ ಸರ್ಜನ್ನರಿಗೂ ತೋರಿಸಿದೆವು. ಟೇಬಲ್ ಮೇಲೇ ಹೋಗುತ್ತಾರೆ ಎಂದು ಕೈಬಿಟ್ಟರು.

ಬೆಂಗಳೂರಿನಿಂದ ವಾಪಸ್ ಬರುವಾಗ ತಂಗಿ ಒಂದೇ ಮಾತಾಡಿದ್ದು. "ಹೇಳಿ ಏನು ಸಿಕ್ತಕ್ಕಾ ನಿಂಗೆ? ಬದುಕಿಸಾಕಂತೂ ಆಗ್ಲಿಲ್ಲ. ಮುಚ್ಕಂಡೇ ಹೋಗ್ತಿದ್ದೆ."

ಕಳೆದ ವಾರ ಹೊನ್ನಾಳಿಗೆ ಹೋದಾಗ ಅವಳ ಮಂಚದ ಪಕ್ಕ ಒಂದು ಹೊಸ ಸ್ಟೀಲ್ ಲೋಟ ಬೇರೆಯಾಗಿತ್ತು, ತಟ್ಟೆಯೂ ಬೇರೆ.

"ಇದು ಈಗ ಯಾರಿಗೂ ಅಂಟಲ್ಲ ಅಂತ ಡಾಕ್ಟರ್ ನಿನ್ನ ಮುಂದೆಯೇ ಹೇಳಲಿಲ್ಲವೇನೇ?" ಎಂದು ಸೊಸೆಯನ್ನು ಕೇಳಿದೆ.

"ಹೇಳಿದ್ರು ದೊಡ್ಡಮ್ಮ. ಆದ್ರೂ ಮಕ್ಳಿರೋ ಮನೆ ಐತಲ್ರೀ." ಕೆಟ್ಟ ಹುಡುಗಿಯಲ್ಲ ಅವಳು. ಅತ್ತೆಯ ಕಾಲು ಒತ್ತುತ್ತಲೇ ಹೇಳಿದಳು.

ನನಗೆ ಏನೆನ್ನಿಸಿತೋ, ತಂಗಿಯ ಲೋಟ ಎತ್ತಿ ಅದರಲ್ಲಿದ್ದ ನೀರನ್ನು ಅವರಿಬ್ಬರ ಎದುರೇ ಗಟಗಟ ಕುಡಿದೆ. ತಂಗಿ ಖಾಲಿ ಲೋಟವನ್ನೇ ನೋಡಿದಳು.

"ನಾಟಕ ಮಾಡಬ್ಯಾಡಕ್ಕಾ," ಎಂದಳು. "ನಂಗೆ ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರ್ ಹಾಕಿದ ಅಳತೆ ಐತೆ. ಸಂಜಿ ತನಕ ಇಟ್ಕಂಡಿದ್ದೆ. ಅದನ್ನೂ ಕುಡಿದುಬಿಟ್ಟೆ."