ನೆಟ್ಟಗಿದ್ದ ಮಗಳು

ಕರೆಂಟು ಹೋದರೆ ನಮ್ಮ ಮನೆಯಲ್ಲಿ ಎಲ್ಲರೂ ಅಣ್ಣನ ಕಡೆಗೆ ಓಡುತ್ತಿದ್ದರು. ದೊಡ್ಡಬಳ್ಳಾಪುರದಿಂದ ರಾಜಘಟ್ಟಕ್ಕೆ ಹೋಗುವ ದಾರಿಯಲ್ಲಿ ನಮ್ಮದು ಹೆಂಚಿನ ಮನೆ. ಅದಕ್ಕೆ ಅಂಟಿಕೊಂಡಂತೆ ಒಂದು ಶೀಟಿನ ಶೆಡ್ಡು, ಶೆಡ್ಡಿನೊಳಗೆ ಅಪ್ಪ ಹಾಕಿಸಿದ್ದ ಎರಡು ಕರೆಂಟು ಮಗ್ಗ. ಬಂದ ನೆಂಟರು ಆ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ ಮಾತ್ರ ಮಗ್ಗದ ಪಕ್ಕದಲ್ಲೇ ಗೋಡೆಗೆ ಒರಗಿ, ಲಾಳಿ ಆ ಕಡೆಯಿಂದ ಈ ಕಡೆಗೆ ಓಡಾಡುವುದನ್ನು ನೋಡುತ್ತಾ ಅನ್ನ ನೀರಿನ ಯೋಚನೆಯಿಲ್ಲದೆ ಕೂತಿರುತ್ತಿದ್ದ. ಕರೆಂಟು ಹೋಗಿ ಮಗ್ಗ ಗಕ್ಕನೆ ನಿಂತರೆ ಗೋಡೆಗೆ ತಲೆ ಚಚ್ಚಿಕೊಂಡು ಕಿರುಚುತ್ತಿದ್ದ. ಅಮ್ಮ ಅವನ ತಲೆಗೂ ಗೋಡೆಗೂ ನಡುವೆ ತನ್ನ ಅಂಗೈ ಇಡುತ್ತಿದ್ದಳು. ಅಪ್ಪ ಅವನ ಕಾಲು ಹಿಡಿದುಕೊಳ್ಳುತ್ತಿದ್ದರು.

ಆಗ ನಾನು ರಾಗಿ ಮೂಟೆಗಳ ಸಂದಿಯಲ್ಲಿ ಇರುತ್ತಿದ್ದೆ. ಸದ್ದು ನಿಂತ ಕೂಡಲೇ ಮೈಯೊಳಗಿನದೇನೋ ಕಿತ್ತುಬಂದ ಹಾಗಾಗಿ, ಜಡೆಯ ತುದಿ ಕಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗುತ್ತಾ ಕೂರುತ್ತಿದ್ದೆ. ಮಗ್ಗ ಮತ್ತೆ ಓಡಿದ ಮೇಲೆ ಎದ್ದು ಬರುತ್ತಿದ್ದೆ. ಎಲ್ಲಿದ್ದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಲು ಅವರಿಗೆ ಪುರುಸೊತ್ತಾದರೂ ಎಲ್ಲಿತ್ತು?

ಅಣ್ಣನಿಗೆ ಇರುವುದು ಆಟಿಸಂ ಎಂದು ಡಾಕ್ಟರೊಬ್ಬರು ಹೇಳಿದ್ದು ಅವನಿಗೆ ಮೀಸೆ ಮೂಡುವ ಹೊತ್ತಿಗೆ. ಅಲ್ಲಿಯವರೆಗೆ ಊರಿನವರು ಅವನಿಗೆ ಇಟ್ಟಿದ್ದ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಮರ್ಯಾದೆ ಕೊಟ್ಟಂತಾಗುತ್ತದೆ. ಅಮ್ಮ ಯಾರೊಂದಿಗೂ ಜಗಳಕ್ಕೆ ಹೋದವಳಲ್ಲ. ನೆಂಟರು ಅಯ್ಯೋ ಪಾಪ ಎಂದಾಗ ಮಾತ್ರ ನನ್ನನ್ನು ಎಳೆದು ಮುಂದೆ ನಿಲ್ಲಿಸಿಕೊಳ್ಳುತ್ತಿದ್ದಳು.

"ದೇವ್ರು ಒಂದ್ ಕಣ್ ಕಿತ್ಕೊಂಡ್ರೂ ಇನ್ನೊಂದ್ ಕಣ್ ಬಿಟ್ಟವ್ನೆ. ಇವಳೊಬ್ಳು ನೆಟ್ಟಗವ್ಳೆ."

ನಾನು ನೆಟ್ಟಗೆ ನಿಲ್ಲುತ್ತಿದ್ದೆ. ನಿಂತೇ ನಿಂತೆ.

ಅವರೆಕಾಯಿ ಕಾಲದಲ್ಲಿ ಮಾತ್ರ ನಾವಿಬ್ಬರೂ ಜೊತೆಗೆ ಕೂರುತ್ತಿದ್ದೆವು. ನೀರಲ್ಲಿ ನೆನೆಸಿದ ಕಾಳನ್ನು ಒಂದೊಂದಾಗಿ ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸುವ ಕೆಲಸ. ಉಳಿದವರು ಸ್ವಲ್ಪ ಹೊತ್ತಿಗೇ ಸೊಂಟ ನೋವೆಂದು ಎದ್ದು ಹೋಗುತ್ತಿದ್ದರು. ನಾವು ಮೊರದ ಆಚೆಗೊಬ್ಬರು ಈಚೆಗೊಬ್ಬರು ಕೂತು ಒಂದು ಮಾತೂ ಆಡದೆ ಹಿತುಕುತ್ತಿದ್ದೆವು. ಅಷ್ಟು ಸುಖವಾಗಿ ನಾನು ಇನ್ಯಾರ ಜೊತೆಗೂ ಕೂತಿಲ್ಲ. ಅವನು ಬೇಳೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದ. ನಾನು ಇಡೀ ಬೇಳೆ ಬೇರೆ, ಮುರಿದದ್ದು ಬೇರೆ ಮಾಡುತ್ತಿದ್ದೆ. ಯಾರಾದರೂ ಎರಡನ್ನೂ ಬೆರೆಸಿದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ತೂಬಗೆರೆಯ ಚಿಕ್ಕಮ್ಮ ಬಂದವಳು ಅಣ್ಣನ ಸಾಲು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಬಟ್ಟಲು ನೋಡಿ, "ಹುಡ್ಗಿ ಎಷ್ಟ್ ಅಚ್ಚುಕಟ್ಟು ಕಣಕ್ಕ" ಎಂದಳು. ಒಂದೇ ಮೊರದ ಕಾಳು, ಒಂದೇ ಬಗೆಯ ಹಟ. ಅವನದ್ದು ಕಾಯಿಲೆ, ನನ್ನದು ಗುಣ. ಅಚ್ಚುಕಟ್ಟು ಎಂಬ ಮಾತು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಹೆಣ್ಣು ನೋಡಲು ಬರುವವರ ಮುಂದೆ ಹೇಗೆ ಕೂರಬೇಕೆಂದು ಅಮ್ಮ ನನಗೆ ದಿನಗಟ್ಟಲೆ ಹೇಳಿಕೊಟ್ಟಳು. ಬೆರಳು ಹಿಚುಕಿಕೊಳ್ಳಬಾರದು. ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಡಬೇಕು. ಎಲ್ಲಕ್ಕಿಂತ ಕಷ್ಟದ್ದು, ತಲೆ ಎತ್ತಿ ಮುಖ ನೋಡುವುದು. ಅದಕ್ಕೂ ಅವಳ ಬಳಿ ಉಪಾಯವಿತ್ತು.

"ಕಣ್ ನೋಡಕ್ಕಾಗ್ದಿದ್ರೆ ಹೆಂಗಸ್ರ ಬೊಟ್ಟು ನೋಡು. ಗಂಡಸ್ರಾದ್ರೆ ಹುಬ್ಬಿನ್ ಮಧ್ಯ ನೋಡು. ಕಣ್ಣೇ ನೋಡ್ತಾವ್ಳೆ ಅನ್ಕೋತಾರೆ."

ಅಣ್ಣನನ್ನು ಆ ದಿನ ತೂಬಗೆರೆಗೆ ಕಳಿಸಿದ್ದರು. ಬಂದಿದ್ದ ಹೆಂಗಸರ ಬೊಟ್ಟುಗಳನ್ನು ನಾನು ಎಷ್ಟು ಚೆನ್ನಾಗಿ ನೋಡಿದೆನೆಂದರೆ, ಮುಖ ಒಂದೂ ನೆನಪಿಲ್ಲದಿದ್ದರೂ ಬೊಟ್ಟುಗಳು ಈಗಲೂ ನೆನಪಿವೆ. ಹುಡುಗಿ ಮಾತು ಕಮ್ಮಿ, ಒಳ್ಳೇ ಸಂಸ್ಕಾರ ಎಂದರಂತೆ. ಹುಡುಗನಿಗೆ ನಾನೇ ಫೋನಿನಲ್ಲಿ ಅಣ್ಣನ ವಿಷಯ ಹೇಳಿದೆ. "ಅದಕ್ಕೇನೀಗ" ಎಂದ. ಆ ಒಂದು ಮಾತಿಗೆ ನಾನು ಅವನನ್ನು ಮದುವೆಯಾದೆ, ಅದರಲ್ಲಿ ಮೋಸವೇನೂ ಆಗಲಿಲ್ಲ. ದೇವನಹಳ್ಳಿಯಲ್ಲಿ ಮನೆ ಮಾಡಿದೆವು. ಹಿಂದುಗಡೆಯ ಕೋಣೆಯನ್ನು ಖಾಲಿ ಬಿಟ್ಟೆವು. ಅಮ್ಮನಿಗೆ ಕೈಲಾಗದ ದಿನ ಅಣ್ಣ ಅಲ್ಲಿಗೆ ಬರುವುದೆಂದು ಎಲ್ಲರಿಗೂ ಗೊತ್ತಿತ್ತು. ಅಪ್ಪ ತೀರಿಕೊಂಡು ಮಗ್ಗ ಮಾರಿದ ಮೇಲೆ, ಅಮ್ಮನ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ, ಆ ದಿನ ಹತ್ತಿರವಾಗುತ್ತಿದೆ ಎಂದೂ ಗೊತ್ತಿತ್ತು. "ನೀನಿದ್ದೀಯಲ್ಲ ಬಿಡು" ಎಂದು ಅಮ್ಮ ಆಗಾಗ ಅನ್ನುತ್ತಿದ್ದಳು, ನನಗಿಂತ ಹೆಚ್ಚಾಗಿ ತನಗೇ ಹೇಳಿಕೊಳ್ಳುವ ಹಾಗೆ.

ಅಣ್ಣ ನಿದ್ದೆ ಬಿಟ್ಟಿದ್ದಾನೆಂದು ಒಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಹೊಸ ಡಾಕ್ಟರಮ್ಮ. ಯಾಕೆ ಮಲಗುತ್ತಿಲ್ಲ ಎಂದು ಕೇಳಿದರು. ಅಮ್ಮ ಬೇರೆ ಸೋಪು ತಂದಿದ್ದಾಳೆ, ಅದರ ವಾಸನೆ ಹೊದಿಕೆಗೆ ಹತ್ತಿದೆ, ಜೊತೆಗೆ ಟ್ಯೂಬ್‌ಲೈಟು ಗುಂಯ್ ಅನ್ನುತ್ತಿದೆ ಎಂದೆ. ಇವನು ಮಾತಾಡುವುದಿಲ್ಲವಲ್ಲ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು.

"ನನಗೂ ಹಾಗೇ ಆಗುತ್ತೆ" ಎಂದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ನಾನೊಬ್ಬಳೇ ಹಲವು ಸಲ ಹೋದೆ. ಬಾಲ್ಯದ ಬಗ್ಗೆ, ಊಟದ ಬಗ್ಗೆ, ಸದ್ದಿನ ಬಗ್ಗೆ ಕೇಳಿದರು. ಕೊನೆಗೆ ಮೆಲ್ಲಗೆ ಹೇಳಿದರು: "ನಿಮಗೂ ಇದೆ. ಒಡಹುಟ್ಟಿದವರಲ್ಲಿ ಕೆಲವರಿಗೆ ಪೂರ್ತಿ ಇರುತ್ತೆ, ಕೆಲವರಿಗೆ ಒಂದೆರಡು ಲಕ್ಷಣ ಅಷ್ಟೇ. ಹೆಣ್ಣುಮಕ್ಕಳು ಮುಚ್ಚಿಟ್ಕೊಳ್ಳೋದನ್ನ ಎಷ್ಟು ಚೆನ್ನಾಗಿ ಕಲೀತಾರೆ ಅಂದ್ರೆ, ಯಾರಿಗೂ ಗೊತ್ತೇ ಆಗಲ್ಲ."

ನನಗೆ ದುಃಖವಾಗಲಿಲ್ಲ. ನಂಬಿ, ಸಂತೋಷವಾಯಿತು. ನಾನು ಕೆಟ್ಟವಳಲ್ಲ, ಜಂಬದವಳಲ್ಲ, ಕಲ್ಲುಮನಸ್ಸಿನವಳಲ್ಲ. ನಾನು ಅಣ್ಣನ ತಂಗಿ, ಅಷ್ಟೇ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಗುತ್ತಾ ಬಂದೆ. ದೇವನಹಳ್ಳಿಗೆ ಹೋಗದೆ ನೇರ ಅಮ್ಮನ ಮನೆಗೆ ಹೋದೆ, ಯಾರಿಗಾದರೂ ಹೇಳಲೇಬೇಕಿತ್ತು.

ಅಮ್ಮ ಸೊಪ್ಪು ಸೋಸುತ್ತಿದ್ದಳು. ಹೇಳಿ ಮುಗಿಸಿದ ಮೇಲೂ ಸೋಸುತ್ತಲೇ ಇದ್ದಳು. ದಂಟನ್ನು ಈ ಕಡೆ, ಎಲೆಯನ್ನು ಆ ಕಡೆ ಹಾಕಿ ಒಂದು ಕಂತೆ ಮುಗಿಸಿದಳು.

"ಯಾರ್ಗೂ ಹೇಳ್ಬೇಡ" ಎಂದಳು. ಇನ್ನೊಂದು ಕಂತೆ ಬಿಚ್ಚುತ್ತಾ, "ಇವನ್ನ ನೀನ್ ನೋಡ್ಕೋತೀಯ ಅನ್ಕೊಂಡು ಬದುಕ್ದೆ ಕಣವ್ವ. ಇನ್ ನಿನ್ನ ನೋಡ್ಕೊಳೋರ್ ಯಾರು?"

ನಾನು ಬದಲಾಗಿಲ್ಲ, ನಿನ್ನೆ ಇದ್ದವಳೇ ಇವತ್ತೂ ಎಂದೆ. ಅವಳ ಕಿವಿಗೆ ಬೀಳಲಿಲ್ಲ. ಆ ಬೊಟ್ಟು ನೋಡುವ ಉಪಾಯ ನಿನಗೆ ಯಾರು ಹೇಳಿಕೊಟ್ಟಿದ್ದು ಎಂದು ಕೇಳಿದೆ.

"ಯಾರ್ ಹೇಳ್ಕೊಡ್ತಾರೆ? ಕಣ್ ನೋಡಿದ್ರೆ ನಂಗೆ ಹೇಳ್ಬೇಕಾಗಿರೋದೇ ಮರ್ತೋಗ್ತದೆ. ಚಿಕ್ಕೋಳಿದ್ದಾಗಿಂದ್ಲೂ ಹಂಗೇ" ಎಂದಳು. ತಾನು ಏನು ಹೇಳಿದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ನಾನು ಬಿಡಿಸಿ ಹೇಳಲಿಲ್ಲ. ಅಷ್ಟು ಕಷ್ಟಪಟ್ಟು ಬದುಕು ನಡೆಸಿದವಳಿಗೆ ಆ ವಯಸ್ಸಿನಲ್ಲಿ ಅದನ್ನು ಹೇಳಿ ಆಗಬೇಕಾದ್ದೇನಿತ್ತು?

ಅಂದಿನಿಂದ ಅಮ್ಮ ನನ್ನೊಂದಿಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಲು ಶುರು ಮಾಡಿದಳು. ಹೋದಾಗಲೆಲ್ಲ ಉಂಡೆಯಾ, ಮಾತ್ರೆ ಏನಾದರೂ ಕೊಟ್ಟಿದ್ದಾರಾ ಎಂದು ಕೇಳುತ್ತಿದ್ದಳು. ಅಣ್ಣನಿಗೆ ಸ್ನಾನ ಮಾಡಿಸಲು ನಾನು ಎದ್ದರೆ, "ನೀನ್ ಕೂತ್ಕೊ, ನಿಂಗಾಗಲ್ಲ" ಎಂದು ಏದುಸಿರು ಬಿಡುತ್ತಾ ತಾನೇ ಎದ್ದು ಹೋಗುತ್ತಿದ್ದಳು. ವರ್ಷಗಳಿಂದ ನಾನೇ ಮಾಡಿಸುತ್ತಿದ್ದ ಸ್ನಾನ ಅದು. ಗುಡಿಯಲ್ಲಿ ಸಿಕ್ಕವರ್ಯಾರೋ ನೆಲಮಂಗಲದ ಆಚೆಗೆ ಇಂಥವರನ್ನು ಇಟ್ಟುಕೊಳ್ಳುವ ಆಶ್ರಮ ಇದೆ ಎಂದರಂತೆ. ಅಮ್ಮ ನನ್ನನ್ನು ಕೇಳದೆ ಹೋಗಿ ಮಾತಾಡಿ ಬಂದಿದ್ದಳು.

ನಾನು ಜೀವಮಾನದಲ್ಲಿ ಅಮ್ಮನ ಮುಂದೆ ದನಿಯೆತ್ತಿದ್ದು ಆ ದಿನ ಮಾತ್ರ. ನನ್ನ ಗಂಡನೂ ಬಂದು, "ಅತ್ತೆ, ರೂಮ್ ಇದೆ, ನಾವಿದ್ದೀವಿ, ಕಳ್ಸಿ" ಎಂದ. "ಅವನಿಗೆ ಎಲ್ಲಿ ಏನು ಆಗ್ತದೆ ಅಂತ ಗೊತ್ತಿರೋದು ನಂಗೊಬ್ಬಳಿಗೇ ಅಮ್ಮ" ಎಂದೆ.

"ಅದ್ಕೇ ಕಣವ್ವ ಭಯ" ಎಂದಳು. "ನೆಟ್ಟಗಿರೋರ್ ಕೈಲೇ ಅವನು ಬಗ್ಗಲ್ಲ. ಇಬ್ರೂ ಒಂದೇ ಥರ ಆದ್ರೆ, ನಾಳೆ ಯಾರು ಯಾರ್ನ ಹಿಡ್ಕೋತೀರಾ?"

ಅದು ಅವಳ ಪ್ರೀತಿಯೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ಪ್ರೀತಿಯ ಮುಂದೆ ಎದುರುಮಾತಿಗೆ ಜಾಗವೇ ಇರುವುದಿಲ್ಲ.

ಆಶ್ರಮದಲ್ಲಿ ಅಣ್ಣನಿಗೆ ಮಂಚ ತೋರಿಸಿದರು. ಅವನು ಅದರ ಮೇಲೆ ಕೂರಲಿಲ್ಲ, ಕಿರುಚಲೂ ಇಲ್ಲ. ಅಮ್ಮ ಆಫೀಸಿನಲ್ಲಿ ರುಜು ಹಾಕಿ ಹೊರಗೆ ಬರುವಷ್ಟರಲ್ಲಿ ಅವನು ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ಬಂದು ನಿಂತಿದ್ದ. ನೋಡಿದ್ದಾಯಿತು, ಇನ್ನು ಮನೆಗೆ ಹೋಗುವುದು ಎಂದುಕೊಂಡಿದ್ದ. ಅಲ್ಲಿನವರೊಬ್ಬರು ಬಂದು ಅವನ ತೋಳು ಹಿಡಿದರು. ಅವನು ನನ್ನ ಕಡೆ ನೋಡಿದ. ಅಮ್ಮನ ಕಡೆ ಅಲ್ಲ, ನನ್ನ ಕಡೆ. ನನ್ನ ಕೈಕಾಲು ಮರಗಟ್ಟಿದವು. ನಾಲಿಗೆ ಎತ್ತಲಾಗಲಿಲ್ಲ. ಅವನು ಒಳಗೆ ಹೋಗುವವರೆಗೂ ನಾನು ನಿಂತಲ್ಲೇ ನಿಂತಿದ್ದೆ.

ವಾಪಸು ಬರುವಾಗ ಆಟೋದಲ್ಲಿ ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಳುತ್ತಲೇ ತಿರುಗಿ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನೂ ಇರಲಿಲ್ಲ, ಇರುವುದಿಲ್ಲವೆಂದು ನನಗೂ ಗೊತ್ತು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಅಣ್ಣನ ತಲೆ ಸವರುತ್ತಿದ್ದ ಹಾಗೆಯೇ ನನ್ನ ತಲೆ ಸವರಿದಳು.

"ಬಿಡವ್ವ, ನಿನ್ ತಪ್ಪಲ್ಲ. ನಿಂಗೂ ಅವನ್ ಥರಾನೇ, ಏನೂ ಅನ್ಸಲ್ಲ" ಎಂದಳು.

ಅನಿಸುತ್ತದಮ್ಮ ಎಂದು ಹೇಳಲು ಬಾಯಿ ತೆರೆದೆ. ಮಾತು ಬರಲಿಲ್ಲ. ಅದನ್ನೂ ಅವಳು ನೋಡಿದಳು.