ಕಾರ್ಕಳದ ಬೆಟ್ಟಕ್ಕೆ ಎರಡು ಸಲ

ಉಡುಪಿಯಲ್ಲಿ ಕೋಣೆ ಖಾಲಿ ಮಾಡಿ ಹೊರಬಿದ್ದಾಗ ಬೆಳಗಿನ ಒಂಬತ್ತು ಗಂಟೆ. ನಾಲ್ಕು ದಿನದ ಪ್ರವಾಸದಲ್ಲಿ ಅದು ಕೊನೆಯ ದಿನ. ಬನ್ಸ್ ತಿಂದು, ಚಹಾ ಕುಡಿದು ಕಾರ್ಕಳದ ಬಸ್ಸು ಹತ್ತಿದೆವು: ನಾನು, ಹೆಂಡತಿ ಶಾಂತವ್ವ, ಮಗಳು ರೇಣುಕಾ, ನನ್ನ ಅಕ್ಕ ಗಂಗವ್ವ. ಮಣಿಪಾಲ ದಾಟಿದ ಮೇಲೆ ಬಸ್ಸು ಎಲ್ಲೂ ನಿಧಾನ ಮಾಡಲಿಲ್ಲ. ಕಾರ್ಕಳ ನೋಡಿಕೊಂಡು ಮಧ್ಯಾಹ್ನ ಒಂದರ ಬಸ್ಸಿಗೆ ಶಿವಮೊಗ್ಗ, ಅಲ್ಲಿಂದ ನಮ್ಮ ರಾಣೆಬೆನ್ನೂರು ಎಂದು ಲೆಕ್ಕ ಹಾಕಿದ್ದೆ.

ಅಕ್ಕನಿಗೆ ಚಿಕ್ಕಂದಿನಿಂದ ಎಡಗಾಲಿನಲ್ಲಿ ಬಲವಿಲ್ಲ. ಕೋಲು ಹಿಡಿದು ನಡೆಯುತ್ತಾಳೆ, ಮನೆಯಲ್ಲಿ ಕೂತು ಕೌದಿ ಹೊಲಿಯುತ್ತಾಳೆ. ಈ ಪ್ರವಾಸದಲ್ಲಿ ಅವಳು ಬಾಯಿ ಬಿಟ್ಟು ಕೇಳಿದ್ದು ಒಂದೇ, ಕಾರ್ಕಳದ ಬಾಹುಬಲಿ. ಒಂದೇ ಕಲ್ಲಿನಲ್ಲಿ ಅಷ್ಟೆತ್ತರದ ಮನುಷ್ಯನನ್ನು ಹೇಗೆ ಕಡೆದರು, ಅದನ್ನು ನೋಡಬೇಕು ಎಂದಿದ್ದಳು.

ನಿಲ್ದಾಣದಲ್ಲಿ ಹೆಂಡತಿ, ಮಗಳು ನೀರು ತರಲು ಹೋದರು. ಅಕ್ಕನನ್ನು ಚೀಲಗಳ ಜೊತೆ ಬೆಂಚಿನ ಮೇಲೆ ಕೂರಿಸಿ, ಅಲ್ಲೇ ಮುಂದೆ ನಿಂತಿದ್ದ ಆಟೋ ವಿಚಾರಿಸಿದೆ. ಚಾಲಕ ಅಕ್ಕನ ಕೋಲು ನೋಡಿ, "ಮೆಟ್ಟಿಲು ಎಂತಕ್ಕೆ ಮಾರಾಯ್ರೆ? ಹಿಂದಿನಿಂದ ಮೇಲಿನವರೆಗೂ ರಸ್ತೆ ಉಂಟಲ್ವಾ" ಎಂದ. ನಾನು ಮೆಟ್ಟಿಲ ಬುಡಕ್ಕೇ ಬಿಡು ಎಂದೆ. ಅಲ್ಲಿ ಇಳಿದ ಮೇಲೆ ಅಕ್ಕನಿಗೆ, ಮೆಟ್ಟಿಲು ಬಿಟ್ಟರೆ ಬೇರೆ ದಾರಿಯೇ ಇಲ್ಲ ಎಂದು ಹೇಳಿಬಿಟ್ಟೆ.

ಯಾಕೆ ಹಾಗೆ ಹೇಳಿದೆ? ಹಿಂದಿನ ಸಂಜೆ ಕಾಪುವಿನ ಕಡಲ ತೀರದಲ್ಲಿ ಹೆಂಡತಿ, ಮಗಳು ದೀಪಸ್ತಂಭ ಹತ್ತಿದರು. ನಾನು ಅಕ್ಕನ ಜೊತೆ ಕೆಳಗೆ ಬಂಡೆಯ ಮೇಲೆ ಕೂತಿದ್ದೆ. ಮೂರು ದಿನವೂ ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದಿದ್ದೆ. ಒಂದು ಜಾಗವನ್ನಾದರೂ ನನ್ನ ಕಾಲಿನ ವೇಗಕ್ಕೆ ನೋಡಬೇಕು ಅನ್ನಿಸಿತ್ತು. ಕಾರಣ ಇಷ್ಟೇ.

ಅಕ್ಕ ಮರದ ನೆರಳಲ್ಲಿ ಚೀಲ ಕಾಯುತ್ತ ಕೂತಳು. ನಾವು ಚಪ್ಪಲಿ ಬಿಟ್ಟು ಹತ್ತಿದೆವು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, ಅಂಗಾಲು ಸುಡುವಷ್ಟು ಬಿಸಿಲು. ಮೇಲೆ ಗೋಡೆಯ ಬಾಗಿಲು ದಾಟಿದೊಡನೆ ನಲವತ್ತೆರಡು ಅಡಿಯ ಮೂರ್ತಿ. ನಾನು ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವನು, ಭಾರ ಕಂಡರೆ ಎತ್ತಿದ್ದು ಹೇಗೆ ಎಂಬುದೇ ಮೊದಲು ತಲೆಗೆ ಬರುತ್ತದೆ. ಕಾವಲುಗಾರನನ್ನು ಕೇಳಿದೆ. ಬೇರೆ ಕಡೆ ಕಡೆದು, ದೊಡ್ಡ ಬಂಡಿಯಲ್ಲಿ ಈ ಬೆಟ್ಟಕ್ಕೆ ಎಳೆದು ತಂದರೆಂದು ಹಿರಿಯರು ಹೇಳುತ್ತಾರೆ ಎಂದ. ಅಷ್ಟು ದೊಡ್ಡ ಕಲ್ಲನ್ನು! ದಿನವೂ ಚೀಲ ಹೊರುವ ನಾನು ಅಕ್ಕನನ್ನು ಕೆಳಗೆ ಬಿಟ್ಟು ಬಂದಿದ್ದೆ.

ಅಷ್ಟರಲ್ಲಿ ರೇಣುಕಾ ನನ್ನ ಅಂಗಿ ಜಗ್ಗಿದಳು. ಹಿಂಬದಿಯಲ್ಲಿ ಕಾರೊಂದು ನಿಂತಿತ್ತು, ವಯಸ್ಸಾದ ಹೆಂಗಸೊಬ್ಬರು ಮಗನ ತೋಳು ಹಿಡಿದು ಇಳಿಯುತ್ತಿದ್ದರು. "ಅಪ್ಪಾ, ರಸ್ತಾ ಐತಿ. ಅತ್ತಿನ್ನ ಕರಕೊಂಡ ಬರಬೇಕಿತ್ತು" ಎಂದಳು. ನನಗೆ ಗೊತ್ತಿರಲಿಲ್ಲ ಎಂದೆ. ಎರಡನೆಯ ಸುಳ್ಳು ಅದು. ಅದನ್ನು ಹೇಳಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ.

ಅವರಿಬ್ಬರನ್ನೂ ಅಲ್ಲೇ ಇರಲು ಹೇಳಿ ಒಬ್ಬನೇ ಇಳಿದು ಬಂದೆ. ಹೇಗಿದೆ ಎಂದು ಅಕ್ಕ ಕೇಳಿದಳು.

"ಅಕ್ಕಾ, ಮ್ಯಾಲೆ ಹೋಗಾಕ ರಸ್ತಾ ಐತಿ. ನನಗ ಮೊದಲಾ ಗೊತ್ತಿತ್ತು."

ಅವಳು ಕೋಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ಕಾಲು ಸೊಟ್ಟ ಐತಿ, ಕಿವಿ ನೆಟ್ಟಗ ಅದಾವು. ಆಟೋದಾಂವ ಹೇಳಿದ್ದು ಬೆಂಚಿನ ಮ್ಯಾಲೆ ಕೂತು ಕೇಳೀನಿ" ಎಂದಳು.

ಮತ್ತೆ ಸುಮ್ಮನೆ ಯಾಕಿದ್ದೆ ಎಂದು ಕೇಳಿದೆ.

"ಒಮ್ಮೆ ಓಡಿ ಹತ್ತಲಿ, ಪಾಪ, ಅಂತ ಬಿಟ್ಟೆ. ಹತ್ತಿದೆಲ್ಲಾ? ಈಗ ನನ್ನ ಕರಕೊಂಡ ಹೋಗು."

ಸಿಕ್ಕ ಆಟೋದಲ್ಲಿ ಹಿಂದಿನ ರಸ್ತೆಯಿಂದ ಹೋದೆವು. ಐದು ನಿಮಿಷದ ದಾರಿ. ಕೊನೆಗೆ ನಾಲ್ಕಾರು ಮೆಟ್ಟಿಲಿಗೆ ಹೊತ್ತುಕೊಳ್ಳಲೇ ಎಂದರೆ, ತಾನೇನು ಶೇಂಗಾ ಚೀಲವೇ, ಕೈ ಕೊಟ್ಟರೆ ಸಾಕು ಎಂದು ಬೈದಳು. ಮೂರ್ತಿಯ ಮುಂದೆ ನಿಂತು ಕತ್ತೆತ್ತಿ ನೋಡಿದಳು. ತೊಡೆಗೆ ಸುತ್ತಿದ ಬಳ್ಳಿಯ ಎಲೆಗಳನ್ನು ಒಂದೊಂದಾಗಿ ಬೆರಳು ಮಾಡಿ ಎಣಿಸಿದಳು. ಉಳಿ ಜಾರಿದ್ದರೆ ಏನು ಮಾಡುತ್ತಿದ್ದರು ಎಂದು ಕಾವಲುಗಾರನನ್ನು ಕೇಳಿದಳು. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿಲ್ಲ ಎಂದು ಆತ ನಕ್ಕ.

ಶಾಂತವ್ವ ಮೆಲ್ಲಗೆ ಕೈಗಡಿಯಾರ ತೋರಿಸಿದಳು. ಒಂದೂವರೆ. ನಮ್ಮ ಬಸ್ಸು ಹೋಗಿಯಾಗಿತ್ತು. ಅಕ್ಕನಿಗೆ ಹೇಳಿದೆ.

"ಹೋಗ್ಲಿ ಬಿಡು. ಮೂರ್ತಿ ಬೆನ್ನಿನ ಕಡೆ ಇನ್ನೂ ನೋಡಿಲ್ಲ" ಎಂದು ಕೈ ಚಾಚಿದಳು. ಹಿಡಿದುಕೊಂಡೆ. ಅವಳ ನಡಿಗೆಗೆ ನಡೆಯುತ್ತ ಸುತ್ತು ಬರಲು ಹೊರಟೆವು.