ಮೇಷ್ಟ್ರ ಕಿವಿ ಆರಿಸಿದ ಕೀಬೋರ್ಡ್

ಟೈಪಿಂಗ್ ಮೇಷ್ಟ್ರಿಗೆ ಈಗ ಅರವತ್ತೆಂಟು. ಮೂವತ್ತೈದು ವರ್ಷ ಅವರು ನಡೆಸಿದ ಟೈಪಿಂಗ್ ಶಾಲೆ ಮುಚ್ಚಿ, ಅಲ್ಲಿದ್ದ ಮೂವತ್ತು ಯಂತ್ರಗಳೂ ಗುಜರಿಗೆ ಹೋದವು. ಮೇಷ್ಟ್ರು ಮಾತ್ರ ಗುಜರಿಗೆ ಹೋಗಲು ಒಪ್ಪಲಿಲ್ಲ. ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ನಾಲ್ಕು ಜನ ಹಂಚಿಕೊಂಡು ಕೂರುವ ಹಾಲಿನಲ್ಲಿ, ಕಿಟಕಿ ಪಕ್ಕದ ಮೇಜನ್ನು ಬಾಡಿಗೆಗೆ ಹಿಡಿದರು. ಜನರ ಅರ್ಜಿ, ಕರಾರುಪತ್ರ, ಕಾಲೇಜಿನವರ ಪ್ರಬಂಧ, ಏನು ತಂದುಕೊಟ್ಟರೂ ಕಂಪ್ಯೂಟರಿನಲ್ಲಿ ತಪ್ಪಿಲ್ಲದೆ ಟೈಪ್ ಮಾಡಿಕೊಡುತ್ತಿದ್ದರು.

ಶಾಲೆಯಿದ್ದ ಕಾಲದಲ್ಲಿ ಮೇಷ್ಟ್ರ ಕಿವಿಗೆ ದೊಡ್ಡ ಹೆಸರಿತ್ತು. ಮೂವತ್ತು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುತ್ತಿರುವಾಗ ಅವರು ತರಗತಿಗೆ ಬೆನ್ನು ತಿರುಗಿಸಿ ನಿಂತು, "ಮೂರನೇ ಸಾಲು, ಗೋಡೆ ಪಕ್ಕ, ಉಂಗುರದ ಬೆರಳಿನ ಕೆಲಸ ತೋರುಬೆರಳಿಗೆ ಯಾಕೆ ಕೊಟ್ಟೆ?" ಎನ್ನುತ್ತಿದ್ದರು. ಹೇಳಿದ್ದು ಒಂದು ದಿನವೂ ತಪ್ಪಾಗಲಿಲ್ಲ. ಒಬ್ಬ ಹುಡುಗಿಯ ಎಡಗೈ ಕಿರುಬೆರಳಂತೂ ಅವರಿಗೆ ತಲೆನೋವಾಗಿತ್ತು. ಅವಳು 'ಎ' ಅಕ್ಷರ ಒತ್ತಿದರೆ ನೊಣ ಕೂತೆದ್ದ ಹಾಗಿರುತ್ತಿತ್ತು, ಕಾಗದದ ಮೇಲೆ ಅಕ್ಷರವೇ ಮೂಡುತ್ತಿರಲಿಲ್ಲ. ವರ್ಷವಿಡೀ ಬೈದರು. ಅವಳು ಹೇಗೋ ಪಾಸಾಗಿ ಕೆಲಸಕ್ಕೂ ಸೇರಿದ ಮೇಲೆ ಮೇಷ್ಟ್ರೇ ಅವಳ ಮನೆಗೆ ಹೋಗಿ ಹೆಣ್ಣು ಕೇಳಿದರು. ಬೈಯೋಕೆ ಯಾರೂ ಸಿಗದೆ ಮದುವೆಯಾದ ಎಂದು ಅವರ ಅತ್ತಿಗೆ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಟೈಪ್‌ರೈಟರಿನಲ್ಲಿ ಕಾರ್ಬನ್ ಹಾಳೆಯ ಕೆಳಗಿನ ಮೂರನೇ ಪ್ರತಿಗೂ ಅಕ್ಷರ ಮೂಡಬೇಕಾದರೆ ಬಲವಾಗಿ ಗುದ್ದಬೇಕು. ಕಾಲ ಬದಲಾಗಿದೆ ಎಂದು ಮೇಷ್ಟ್ರ ಬೆರಳುಗಳಿಗೆ ಯಾರೂ ಹೇಳಿರಲಿಲ್ಲ. ಪಾಪದ ಕೀಬೋರ್ಡನ್ನೂ ಅವು ಹಾಗೇ ಗುದ್ದುತ್ತಿದ್ದವು. ಎದುರಿನ ಮೇಜಿನಲ್ಲಿ ಕೂರುವ ಅನುವಾದಕಿ ಒಂದು ಪದಕ್ಕಾಗಿ ಹತ್ತು ನಿಮಿಷ ಸೂರು ನೋಡುವವಳು. ಪದ ಇನ್ನೇನು ನಾಲಿಗೆಯ ತುದಿಗೆ ಬಂತು ಎನ್ನುವಾಗ ಮೇಷ್ಟ್ರು ಒಂದು ಪುಟ ಶುರು ಮಾಡುತ್ತಿದ್ದರು, ಬಂದ ಪದ ಬಂದ ದಾರಿಗೇ ಹೋಗುತ್ತಿತ್ತು. ಅವಳು ಆರು ತಿಂಗಳು ಸಹಿಸಿ, ಕೊನೆಗೆ ಹಾಲಿನ ಯಜಮಾನಿಗೆ ದೂರು ಕೊಟ್ಟಳು.

ಯಜಮಾನಿ ಶುಕ್ರವಾರ ಮೇಷ್ಟ್ರ ಮೇಜಿನ ಹತ್ತಿರ ಬಂದರು. "ಮೇಷ್ಟ್ರೇ, ಸದ್ದು ಮಾಡದ ಕೀಬೋರ್ಡ್ ಸಿಗುತ್ತಂತೆ. ಸೋಮವಾರದೊಳಗೆ ಒಂದು ತಂದ್ಬಿಡಿ. ಇಲ್ಲಾಂದ್ರೆ ಮೇಜು ಬೇರೆಯವರಿಗೆ ಕೊಡ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಮೇಷ್ಟ್ರಿಗೆ ಬೇಜಾರಿಗಿಂತ ಹೆಚ್ಚಾಗಿ ಭಯವಾಯಿತು. ಶಾಲೆ ಮುಚ್ಚಿದ ಮೇಲೆ ಒಂದು ವರ್ಷ ಅವರು ಮನೆಯಲ್ಲೇ ಕೂತಿದ್ದರು. ಪತ್ರಿಕೆ ಎರಡು ಸಲ ಓದಿದರೂ ಗಂಟೆ ಹತ್ತಾಗುತ್ತಿರಲಿಲ್ಲ. ಈ ಮೇಜು ಹೋದರೆ ಮತ್ತೆ ಆ ಕುರ್ಚಿಯೇ ಗತಿ. ಮನೆಯಲ್ಲಿ ಮಾತಿಗಾದರೂ ಕೂರೋಣವೆಂದರೆ, ಹೆಂಡತಿ ಇತ್ತೀಚೆಗೆ ಗೊಣಗುಟ್ಟುವುದನ್ನು ಕಲಿತಿದ್ದಳು. ಅವಳಷ್ಟೇ ಅಲ್ಲ, ಟೀವಿಯವರು, ಬಸ್ಸಿನ ಕಂಡಕ್ಟರು, ಫೋನಿನಲ್ಲಿ ಮಗಳು, ಎಲ್ಲರೂ ಬಾಯಲ್ಲಿ ಏನೋ ಇಟ್ಟುಕೊಂಡವರಂತೆ ಮಾತಾಡುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆ ಮೇಷ್ಟ್ರಿಗೆ ಗೊತ್ತಿತ್ತು, ತಮಗೇ ಹೊಂದುತ್ತದೆ ಎಂಬುದು ಗೊತ್ತಿರಲಿಲ್ಲ. ಹೆಂಡತಿಗೆ ಮತ್ತೊಂದು ಅಭ್ಯಾಸವೂ ಬಂದಿತ್ತು. ಏನು ಹೇಳುವುದಿದ್ದರೂ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು, ಭುಜ ಮುಟ್ಟಿ, ಎದುರು ನಿಂತು ಮುಖ ನೋಡಿಯೇ ಹೇಳುತ್ತಿದ್ದಳು. ವಯಸ್ಸಾದ ಮೇಲೆ ಇವಳಿಗೆ ಪ್ರೀತಿ ಉಕ್ಕಿದೆ ಎಂದು ಮೇಷ್ಟ್ರು ಒಳಗೊಳಗೇ ಬೀಗುತ್ತಿದ್ದರು.

ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯಾಕೆ ಎಂಟು ಕೀಬೋರ್ಡುಗಳನ್ನು ದಪ್ಪ ರಬ್ಬರ್ ಹಾಸಿನ ಮೇಲೆ ಸಾಲಾಗಿಟ್ಟು, "ಸರ್, ಇದರಲ್ಲಿ..." ಎಂದು ಶುರು ಮಾಡಿದಳು.

ಮೇಷ್ಟ್ರು ಕೈ ಎತ್ತಿ ತಡೆದರು. "ನೀನು ಹೇಳ್ಬೇಡಮ್ಮ. ಈ ವಿಷಯದಲ್ಲಿ ನನ್ನ ಕಿವಿ ಹೇಳಿದ್ದೇ ಕೊನೆ."

ಒಂದೊಂದನ್ನೂ ಒತ್ತಿ ನೋಡಿದರು. ಕೆಲವು ದಪದಪ ಎಂದವು, ಒಂದು ಗೊರಗೊರ ಎಂದಿತು. ಏಳನೆಯದನ್ನು ಒತ್ತಿದರೆ ಸದ್ದೇ ಇಲ್ಲ. ಗುಂಡಿಗಳೂ ಎತ್ತರ, ಬೆರಳ ಕೆಳಗೆ ಹಳೆಯ ಯಂತ್ರದ ಗತ್ತು. ಅಂಗಡಿಯಾಕೆ ಬಾಯಿ ತೆರೆದು, ಗಿರಾಕಿಯ ಮುಖದಲ್ಲಿದ್ದ ಸಂತೋಷ ನೋಡಿ ಮುಚ್ಚಿದಳು. ಮೇಷ್ಟ್ರು ಡಬ್ಬ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು.

ಸೋಮವಾರ ಎಲ್ಲರಿಗಿಂತ ಮೊದಲೇ ಬಂದು ಅದನ್ನು ಜೋಡಿಸಿದರು. ಎಲ್ಲರೂ ಬಂದು ಕೂತ ಮೇಲೆ ಒಂದು ಕರಾರುಪತ್ರ ತೆಗೆದುಕೊಂಡು ಟೈಪ್ ಮಾಡತೊಡಗಿದರು. ಅರ್ಧ ಪುಟವಾಗುವಷ್ಟರಲ್ಲಿ ತಲೆ ಎತ್ತಿದರೆ ಹಾಲಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ತಮ್ಮನ್ನೇ ನೋಡುತ್ತಿದ್ದಾರೆ. ಮೆಚ್ಚಿಕೊಂಡರು ಎಂದುಕೊಂಡು ಮೇಷ್ಟ್ರು ಮುಗುಳ್ನಕ್ಕರು. ಅದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಯಜಮಾನಿ ಎದ್ದು ಬಂದರು. "ಮೇಷ್ಟ್ರೇ, ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಬಹುದಿತ್ತು. ಹೀಗೆ ಹಟ ಸಾಧಿಸೋದು ನಿಮ್ಮ ವಯಸ್ಸಿಗೆ ಚೆನ್ನಾಗಿರಲ್ಲ. ಈ ಟಿಕಟಿಕಕ್ಕಿಂತ ಹಳೇದೇ ಎಷ್ಟೋ ವಾಸಿಯಾಗಿತ್ತು."

"ಹಟ ಏನು ಬಂತಮ್ಮ? ಎಂಟು ನೋಡಿ ಆರಿಸಿದ್ದೀನಿ. ಇದರಲ್ಲಿ ಸದ್ದೇ ಇಲ್ಲವಲ್ಲ."

ಯಜಮಾನಿಯ ಹುಬ್ಬು ಇನ್ನೂ ಮೇಲೇರಿತು. ಅನುವಾದಕಿ ಮಾತ್ರ ಮೇಷ್ಟ್ರ ಮುಖವನ್ನೇ ನೋಡಿದಳು. ಅಲ್ಲಿ ಹಟವಿರಲಿಲ್ಲ, ಮಗುವಿನಂಥ ಗೊಂದಲವಿತ್ತು. ಅವಳು ಮೆಲ್ಲಗೆ ಎದ್ದು ಬಂದು ಎದುರು ನಿಂತಳು. "ಮೇಷ್ಟ್ರೇ, ನಿಮ್ಮ ಶಾಲೆಯ ಕಥೆ ಹೇಳ್ತಿದ್ರಲ್ಲ, ಬೆನ್ನು ತಿರುಗಿಸಿ ಕಂಡುಹಿಡೀತಿದ್ದೆ ಅಂತ. ಈಗ ಒಂದು ಸಲ ತಿರುಗಿ ನಿಂತ್ಕೊಳ್ಳಿ. ಒಂದೇ ಗುಂಡಿ ಒತ್ತುತ್ತೀನಿ. ಎಷ್ಟು ಸಲ ಅಂತ ಹೇಳಿ."

"ಇದೇನು ಮಹಾ," ಎಂದು ಮೇಷ್ಟ್ರು ಕಿಟಕಿಯತ್ತ ತಿರುಗಿ, ಹಳೆಯ ಭಂಗಿಯಲ್ಲೇ ಕೈ ಹಿಂದೆ ಕಟ್ಟಿ ನಿಂತರು. ಕೆಳಗೆ ಬೀದಿಯಲ್ಲಿ ಒಬ್ಬ ಅಂಗಡಿಯ ಕಬ್ಬಿಣದ ಬಾಗಿಲು ಎತ್ತುತ್ತಿದ್ದ, ಅದರ ಗರಗರ ಮೇಲಿನವರೆಗೆ ಕೇಳುತ್ತಿತ್ತು. ಕಾದರು. ಇನ್ನೂ ಸ್ವಲ್ಪ ಕಾದರು. ಕೊನೆಗೆ ತಿರುಗಿ, "ಶುರು ಮಾಡೋದಿಲ್ವೇನಮ್ಮ?" ಎಂದರು.

ಅವಳ ಬೆರಳು ಗುಂಡಿಯ ಮೇಲೆಯೇ ಇತ್ತು. ಕಣ್ಣು ತುಂಬಿತ್ತು. "ಮುಗೀತು ಮೇಷ್ಟ್ರೇ. ಹನ್ನೆರಡು ಸಲ."

ಯಜಮಾನಿ ಕುರ್ಚಿ ಎಳೆದು ಅವರನ್ನು ಕೂರಿಸಿದರು. "ನಿಧಾನವಾಗಿ ಇನ್ನೊಂದು ತನ್ನಿ. ಮೇಜು ಎಲ್ಲಿಗೂ ಹೋಗಲ್ಲ," ಎಂದರು. ಮೇಷ್ಟ್ರು ತಲೆಯಾಡಿಸಿ, ಕೀಬೋರ್ಡನ್ನು ಡಬ್ಬಕ್ಕೆ ತುಂಬಿಕೊಂಡು ಇಳಿದುಹೋದರು. ಕನಿಕರದ ಮೇಜು ಅವರಿಗೆ ಬೇಕಿರಲಿಲ್ಲ.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಮೇಷ್ಟ್ರು ಡಬ್ಬವನ್ನು ಅವಳ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದರು. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ನಿನಗೆ ಗೊತ್ತಿತ್ತೇನೇ?"

"ಎರಡು ವರ್ಷ ಆಯ್ತೇನೋ. ದಪ್ಪ ಸದ್ದು ಕೇಳುತ್ತೆ, ಸಣ್ಣ ಕೀರಲು ಸದ್ದು ಕೇಳಲ್ಲ ನಿಮಗೆ. ಹಿಂದಿನಿಂದ ಕರೆದ್ರೆ ನೀವು ತಿರುಗ್ತಾನೇ ಇರಲಿಲ್ಲ. ಅದಕ್ಕೇ ಮುಂದೆ ಬಂದು ನಿಲ್ಲೋದು ಕಲಿತೆ."

ಮೇಷ್ಟ್ರು ಕುರ್ಚಿಯಲ್ಲಿ ಕೂತು ಅಡುಗೆಮನೆಯತ್ತ ನೋಡಿದರು. ಅಡುಗೆಮನೆಯಿಂದ ಈ ಕುರ್ಚಿಗೆ ಹದಿನೈದು ಹೆಜ್ಜೆ. ದಿನಕ್ಕೆ ಎಷ್ಟು ಸಲ ನಡೆದಿದ್ದಾಳೋ ಮಾರಾಯಿತಿ. ತಾವು ಅದನ್ನು ಪ್ರೀತಿ ಎಂದುಕೊಂಡಿದ್ದು ತಪ್ಪೇನೂ ಅಲ್ಲ, ಬೀಗಿದ್ದು ಮಾತ್ರ ತಪ್ಪು ಎನ್ನಿಸಿತು.

"ಒಂದು ಮಾತು ಹೇಳಬಾರದಾಗಿತ್ತೇ?"

"ಊರಿಗೆಲ್ಲ ಕಿವಿ ಕಿವಿ ಅಂತ ಹೇಳ್ಕೊಂಡು ಬಂದವರು ನೀವು. ಹೇಗ್ರೀ ಹೇಳಲಿ? ಕಿವಿ ಡಾಕ್ಟ್ರ ಹತ್ರ ಹೋಗೋಣ. ಮೊದಲು ನಿಮ್ಮ ಮೇಜು ಉಳಿಸ್ಕೊಳ್ಳೋಣ, ಏಳಿ."

ಇಬ್ಬರೂ ಅಂಗಡಿಗೆ ಹೋದರು. ಈ ಸಲ ಮೇಷ್ಟ್ರು ಒತ್ತುವುದು, ಅವಳು ಹಿಂದೆ ನಿಂತು ಭುಜದ ಮೇಲೆ ಕೈಯಿಟ್ಟು ಕೇಳುವುದು. ಸದ್ದು ಹೆಚ್ಚಾದರೆ ಭುಜ ಒತ್ತುತ್ತಿದ್ದಳು. ಮೊದಲ ನಾಲ್ಕಕ್ಕೆ ಭುಜಕ್ಕೆ ಪೆಟ್ಟು ಬೀಳುವುದೊಂದು ಬಾಕಿ. ಐದನೆಯದಕ್ಕೆ ಕೈ ಅಲ್ಲಾಡಲಿಲ್ಲ. ಮೇಷ್ಟ್ರು ಒಂದಿಡೀ ಸಾಲು ಬಡಿದರು, ಆಗಲೂ ಇಲ್ಲ.

"ಸರೀರಿ, ನಾನೂ ಒಂದು ಸಲ ನೋಡ್ತೀನಿ," ಎಂದು ಅವಳು ಕೂತು, ನಲವತ್ತು ವರ್ಷದ ಹಿಂದಿನ ಮೊದಲ ಪಾಠ 'ಎ ಎಸ್ ಡಿ ಎಫ್' ಅನ್ನು ಮೂರು ಸಲ ಟೈಪ್ ಮಾಡಿದಳು. ಮೇಷ್ಟ್ರು ಬೆನ್ನು ತಿರುಗಿಸಲಿಲ್ಲ. ಅಂಗಡಿಯ ಕಂಪ್ಯೂಟರಿನ ಪರದೆ ನೋಡಿದರು. ಎಸ್ ಇತ್ತು, ಡಿ ಇತ್ತು, ಎಫ್ ಇತ್ತು. 'ಎ' ಮೂರೂ ಸಲ ಬಿದ್ದಿರಲಿಲ್ಲ.

"ಎಡಗೈ ಕಿರುಬೆರಳು," ಎಂದರು ಮೇಷ್ಟ್ರು.

ಅವಳು ಪೂರ್ತಿ ಅವರತ್ತ ತಿರುಗಿ, ಮುಖಕ್ಕೆ ಮುಖವಿಟ್ಟು ಹೇಳಿದಳು: "ಇನ್ನೂ ಬಿಡಲ್ವಲ್ಲ ನೀವು."

ಮರುದಿನ ಮೇಷ್ಟ್ರು ಕಿಟಕಿಯ ಪಕ್ಕ ಕೂತು, ಅನುವಾದಕಿಯ ಮೇಲೆ ಒಂದು ಕಣ್ಣಿಟ್ಟು ಮೂರು ಪುಟ ಮುಗಿಸಿದರು. ಅವಳು ಸೂರು ನೋಡಿದಳು, ಬರೆದಳು, ಮತ್ತೆ ಸೂರು ನೋಡಿದಳು. ಒಮ್ಮೆಯೂ ಇತ್ತ ತಿರುಗಲಿಲ್ಲ. ಹನ್ನೊಂದು ಗಂಟೆಗೆ ಯಜಮಾನಿ ಬಂದರು. ಮೊದಲಿನ ಹಾಗೆ ಹಿಂದಿನಿಂದ ಕೂಗದೆ, ಮೇಜು ಸುತ್ತಿಕೊಂಡು ಬಂದು ಎದುರು ನಿಂತರು.

"ಮೇಷ್ಟ್ರೇ, ನೀವು ಬಂದಿರೋದೇ ಗೊತ್ತಾಗಲಿಲ್ಲ. ಏನೂ ಕೇಳಿಸ್ತಾ ಇಲ್ಲವಲ್ಲ."

ಮೇಷ್ಟ್ರು ಬೆರಳುಗಳನ್ನು ಗುಂಡಿಗಳ ಮೇಲೆಯೇ ಇಟ್ಟುಕೊಂಡು ತಲೆ ಎತ್ತಿದರು.

"ಹೂಂ ಅಮ್ಮ," ಎಂದರು. "ಈಗ ನೀವೆಲ್ಲರೂ ನನ್ನ ಹಾಗೇ."